ತಂದೆಯ ರುಜು

ನಾನು ಲೋವರ್ ಸೆಕೆಂಡರಿ ಪಾಸು ಮಾಡಿದ ವರ್ಷ ನಮ್ಮೂರಿನಲ್ಲಿ ಅಷ್ಟು ಓದಿದ ಹೆಣ್ಣುಮಗಳು ಬೇರೆ ಯಾರೂ ಇರಲಿಲ್ಲ. ಯುದ್ಧ ಇನ್ನೂ ಮುಗಿದಿರಲಿಲ್ಲ. ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹೊಸಕೋಟೆಯಿಂದ ಬೆಂಗಳೂರಿಗೆ ಹೋಗುವಾಗ ದಿಬ್ಬ ಬಂದರೆ ನಿಂತುಬಿಡುತ್ತಿತ್ತು. ಜನ ಇಳಿದು ತಳ್ಳಿ ಮತ್ತೆ ಹತ್ತುತ್ತಿದ್ದರು. ಆ ಬಸ್ಸಿನಲ್ಲಿ ಕೂತು ಬೆಂಗಳೂರಿಗೆ ಹೋಗಿ ಹೆಣ್ಣುಮಕ್ಕಳ ಉಪಾಧ್ಯಾಯಿನಿ ತರಬೇತಿಗೆ ಸೇರಬೇಕು ಎಂಬುದನ್ನು ನಮ್ಮ ಸ್ಕೂಲಿನ ಹೆಡ್‌ಮಿಸ್ಟ್ರೆಸ್ ನನ್ನ ತಲೆಯಲ್ಲಿ ತುಂಬಿದ್ದರು. ಅರ್ಜಿಯ ಫಾರಂ ಅವರೇ ತರಿಸಿಕೊಟ್ಟರು. ಅದರ ಜೊತೆಗೆ ವಯಸ್ಸಿನ ದಾಖಲೆ ಲಗತ್ತಿಸಬೇಕಿತ್ತು. ಸ್ಕೂಲಿಗೆ ಸೇರಿಸುವಾಗ ನನ್ನ ವಯಸ್ಸನ್ನು ಮೇಷ್ಟ್ರು ಮುಖ ನೋಡಿ ಅಂದಾಜಿನ ಮೇಲೆ ಬರೆದುಕೊಂಡಿದ್ದರು. ಅದು ನಡೆಯುವುದಿಲ್ಲ, ತಾಲ್ಲೂಕು ಕಚೇರಿಯಲ್ಲಿ ಜನನದ ರಿಜಿಸ್ಟರು ಇರುತ್ತದೆ, ಅದರ ನಕಲು ತೆಗೆಸಿಕೊಂಡು ಬಾ ಎಂದರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳು ಎಮ್ಮೆಗೆ ಹಿಂಡಿ ಕಲಸುತ್ತಿದ್ದಳು. ಕೈ ನಿಲ್ಲಿಸದೆ, ಅದಕ್ಕೆ ಯಾರು ಯಾರು ಬರಬೇಕಂತೆ ಎಂದು ಕೇಳಿದಳು. ನಾವಿಬ್ಬರು ಹೋದರೆ ಸಾಕು ಎಂದೆ. ನನಗೆ ಗೊತ್ತಿದ್ದದ್ದೂ ಅಷ್ಟೇ.

ಅಮ್ಮ ಯಾಕೆ ಹಾಗೆ ಕೇಳಿದಳೆಂದು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ದರ್ಜಿ. ನಾನು ಚಿಕ್ಕವಳಾಗಿದ್ದಾಗ ನಮ್ಮ ಮನೆಯ ಜಗಲಿಯ ಮೇಲೆಯೇ ಅವನ ಹೊಲಿಗೆ ಮಿಷನ್ನು ಇತ್ತು. ಊರಿನಲ್ಲಿ ಗಿರಾಕಿ ಸಾಲದೆಂದು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೊಸಕೋಟೆಯ ಪೇಟೆಬೀದಿಗೆ ಸಾಗಿಸಿದ. ಬಟ್ಟೆಯಂಗಡಿಯವರೊಬ್ಬರು ಜಗಲಿಯಲ್ಲಿ ಜಾಗ ಕೊಟ್ಟರು. ಮೊದಮೊದಲು ಸಂಜೆ ಕೆರೆಯ ಏರಿ ಮೇಲೆ ನಡೆದು ಮನೆಗೆ ಬರುತ್ತಿದ್ದ. ಆಮೇಲೆ ಸಂತೆಯ ಮಾರನೇ ದಿನ ಮಾತ್ರ ಬರುತ್ತಿದ್ದ. ಆಮೇಲೆ ಹಬ್ಬಕ್ಕೆ ಬಂದ. ಆಮೇಲೆ ಹಬ್ಬಕ್ಕೂ ಬರಲಿಲ್ಲ. ಅವನ ಹತ್ತಿರ ಗುಂಡಿ ಕಾಜಾ ಹಾಕುವುದಕ್ಕೆ ಬರುತ್ತಿದ್ದ ಜಡಿಗೇನಹಳ್ಳಿ ಕಡೆಯ ಹೆಂಗಸಿನ ಜೊತೆ ಮನೆ ಮಾಡಿದ್ದಾನೆ ಎನ್ನುವುದು ನಮಗೆ ತಿಳಿಯುವ ಮೊದಲೇ ಊರಿಗೆಲ್ಲ ತಿಳಿದಿತ್ತು.

ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಹಿರಿಯರಿಗಾದರೂ ನಡುವೆ ಬಂದು ಮಾತಾಡುವುದಕ್ಕೆ ಒಂದು ಎಡೆ ಸಿಗುತ್ತಿತ್ತು. ಅಮ್ಮ ಹೊಲದ ಕೆಲಸ, ಎಮ್ಮೆ, ಮನೆಮನೆಗೆ ಮೊಸರು ಹಾಕುವ ವರ್ತನೆ ನೋಡಿಕೊಂಡಳು. ದಿನಾ ಬೆಳಿಗ್ಗೆ ಮುಖ ತೊಳೆದು ಹಣೆಗೆ ಕುಂಕುಮ ಇಟ್ಟುಕೊಳ್ಳುವುದನ್ನು ಬಿಡಲಿಲ್ಲ. ಯಾರಾದರೂ ಕೆದಕಿದರೆ, ಪೇಟೆಯಲ್ಲಿ ಕೆಲಸ ಜಾಸ್ತಿ ಎಂದು ಹೇಳಿ ಬೇರೆ ಮಾತು ತೆಗೆಯುತ್ತಿದ್ದಳು. ಕೇಳಿದವರು ಹೂಂ ಅನ್ನುತ್ತಿದ್ದರು. ಆ ಹೂಂ ಕೇಳುವಾಗ ನನಗೆ ನೆಲ ಬಿರಿಯಬಾರದೇ ಅನಿಸುತ್ತಿತ್ತು.

ನಾನು ಹೊಸಕೋಟೆಯಲ್ಲಿಯೇ ಓದಿದವಳು. ಅಷ್ಟು ವರ್ಷವೂ ಪೇಟೆಬೀದಿಯಲ್ಲಿ ಕಾಲಿಡಲಿಲ್ಲ. ಕೆರೆ ಏರಿ ಇಳಿದು ಕುಂಬಾರರ ಕೇರಿ ಸುತ್ತಿಕೊಂಡು ಸ್ಕೂಲಿಗೆ ಹೋಗುತ್ತಿದ್ದೆ. ಒಂದು ಸಲ ನನ್ನ ಕ್ಲಾಸಿನ ಹುಡುಗಿಯೊಬ್ಬಳು ಲಂಗದ ಮೇಲೆ ಹೊಸ ಜಾಕೀಟು ತೊಟ್ಟುಕೊಂಡು ಬಂದು, ನಿಮ್ಮಪ್ಪನೇ ಹೊಲಿದಿದ್ದು ಎಂದು ಬೆನ್ನು ತಿರುಗಿಸಿ ತೋರಿಸಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬೆನ್ನಿನ ಮೇಲಿನ ಹೊಲಿಗೆ ಹಗ್ಗ ಹಿಡಿದು ಎಳೆದಷ್ಟು ನೇರವಾಗಿತ್ತು. ಚೆನ್ನಾಗಿದೆ ಎಂದು ಹೇಳಿ ಪುಸ್ತಕ ಬಿಚ್ಚಿದೆ. ಆ ದಿನವೆಲ್ಲ ನನ್ನ ಕಣ್ಣು ಅವಳ ಬೆನ್ನಿನ ಮೇಲೆಯೇ ಇತ್ತು.

ಕಚೇರಿಗೆ ಹೋದ ದಿನ ಅಮ್ಮ ಮದುವೆ ಮನೆಗಳಿಗೆ ಉಡುತ್ತಿದ್ದ ಸೀರೆ ಉಟ್ಟಿದ್ದಳು. ಕಚೇರಿಯ ಮುಂದೆ ಹೊಂಗೆ ಮರದ ಕೆಳಗೆ ಅರ್ಜಿ ಬರೆಯುವ ಸಾಹೇಬರೊಬ್ಬರು ಕೂತಿರುತ್ತಿದ್ದರು. ಬಿಳಿ ಗಡ್ಡ, ಮುಂದೆ ಸಣ್ಣ ಮೇಜು, ಮಸಿಯ ಕುಡಿಕೆ. ನನಗೆ ಬರೆಯಲು ಬರುತ್ತದೆ ಎಂದರೂ, ಅಮ್ಮ ಕಚೇರಿಯ ಬರವಣಿಗೆಯೇ ಬೇರೆ ಇರುತ್ತದೆ ಎಂದು ನನ್ನನ್ನು ಅವರ ಮುಂದೆ ಕೂರಿಸಿದಳು. ಸಾಹೇಬರು ವಿಷಯ ಕೇಳಿ ಸಂತೋಷಪಟ್ಟರು. ತಮ್ಮ ಮೊಮ್ಮಗಳೂ ಉರ್ದು ಸ್ಕೂಲಿಗೆ ಹೋಗುತ್ತಾಳೆ ಎಂದರು. ಕಾಗದದ ಮೇಲೆ ಸ್ಟಾಂಪು ಅಂಟಿಸಿ, ಊರು, ಹೋಬಳಿ ಬರೆದುಕೊಂಡು, ಅಮ್ಮನನ್ನು ನೋಡಿ ಯಜಮಾನರ ಹೆಸರೇನು ಎಂದರು.

ಅಮ್ಮ ನನ್ನ ಮುಖ ನೋಡಿದಳು. ಗಂಡನ ಹೆಸರು ಹೇಳುವುದು ಅವಳ ಬಾಯಿಗೆ ಬರುವ ಮಾತೇ ಅಲ್ಲ. ನಾನು ಹೇಳಿದೆ. ಎಷ್ಟೋ ವರ್ಷವಾಗಿತ್ತು, ಆ ಹೆಸರನ್ನು ನಾನೂ ಬಾಯಿಬಿಟ್ಟು ಹೇಳಿ. ಅದು ಯಾರೋ ಹೊರಗಿನವರ ಹೆಸರಿನಂತೆ ಕೇಳಿಸಿತು.

ಸಾಹೇಬರು ಬರೆದುಕೊಂಡು, ತಂದೆ ಇದ್ದಾರಾ ಎಂದು ಕೇಳಿದರು.

ಇಲ್ಲ ಎಂದೆ.

ಅವರ ಲೇಖನಿ ಕಾಗದದ ಮೇಲೆ ಇನ್ನೊಂದು ಪದ ಬರೆಯುವುದಕ್ಕೆ ಇಳಿದು, ಅಲ್ಲಿಯೇ ನಿಂತಿತು. ಅವರು ಅಮ್ಮನ ಹಣೆಯ ಕಡೆ ನೋಡಿದರು, ಕತ್ತಿನ ಕರಿಮಣಿಯ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿ ನನ್ನನ್ನು ಕೇಳಿದರು.

“ಇಲ್ಲ ಅಂದ್ರೆ ಹೆಂಗೆ ಇಲ್ಲ ಬೇಟಿ? ಊರಲ್ಲಿಲ್ವಾ, ಇಲ್ಲ ಲೋಕದಲ್ಲೇ ಇಲ್ವಾ?”

ಎರಡರಲ್ಲಿ ಯಾವುದು ಹೇಳಿದರೆ ಕಡಿಮೆ ನಾಚಿಕೆ ಎಂದು ಆ ಕ್ಷಣ ಲೆಕ್ಕ ಹಾಕುತ್ತಿದ್ದೆನೋ ಏನೋ. ಅಷ್ಟರಲ್ಲಿ ಅಮ್ಮನೇ ಮಾತಾಡಿದಳು.

“ಇದಾರೆ ಸಾಮಿ. ಈ ಊರಲ್ಲೇ ಇದಾರೆ.”

ಸಾಹೇಬರಿಗೆ ಅರ್ಥವಾಯಿತು. ಹೊಸಕೋಟೆ ಆಗ ಎಷ್ಟು ದೊಡ್ಡ ಊರು? ಆಗಷ್ಟೇ ಬರೆದುಕೊಂಡ ಹೆಸರು ಯಾರದೆಂದು ಅವರಿಗೆ ಈಗ ಹೊಳೆದಿರಬೇಕು. ಅವರ ಶರ್ಟೂ ಅಲ್ಲಿಯೇ ಹೊಲಿಸಿದ್ದಿರಬಹುದು. ಏನೂ ಕೇಳದೆ ಅರ್ಜಿ ಮುಗಿಸಿ, ಮಸಿಯ ಮೇಲೆ ಮರಳು ಉದುರಿಸಿ, ಕೊಡವಿ ಕೊಟ್ಟರು.

ಒಳಗೆ ಆ ಕೆಲಸ ನೋಡುತ್ತಿದ್ದ ಗುಮಾಸ್ತರು ಕನ್ನಡಕದ, ನಿಧಾನದ ಮನುಷ್ಯ. ನಮ್ಮನ್ನು ಗದರಿಸಲಿಲ್ಲ. ಅರ್ಜಿಯನ್ನು ಎರಡು ಸಲ ಓದಿ, ನನಗೆ ಇನ್ನೂ ಹದಿನೆಂಟು ಆಗಿಲ್ಲವಲ್ಲ ಎಂದರು. ಇಲ್ಲವೆಂದೆ. ಹಾಗಾದರೆ ಅರ್ಜಿ ತಂದೆಯ ಹೆಸರಿನಲ್ಲಿಯೇ ಬರಬೇಕು, ತಂದೆ ಬಂದು ತಮ್ಮ ಎದುರಿಗೆ ರುಜು ಹಾಕಬೇಕು, ಹುಡುಗಿಯನ್ನು ಗುರುತಿಸಬೇಕು ಎಂದರು. ಅಮ್ಮ ಕಂಬದ ಮರೆಯಿಂದ, ತಾಯಿಯೇ ಬಂದಿದೀನಲ್ಲ, ಸಾಲದೇ ಎಂದು ಕೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಹೆತ್ತೋರು ನೀವೇ ತಾಯಿ, ಯಾರೂ ಅಲ್ಲ ಅನ್ನಲ್ಲ. ಆದ್ರೆ ತಂದೆ ಇರೋವಾಗ ತಾಯಿ ರುಜು ನಡೆಯಲ್ಲ. ಕರ್ಕೊಂಡು ಬನ್ನಿ, ಅಷ್ಟರಲ್ಲಿ ರಿಜಿಸ್ಟರಿನ ಕಟ್ಟು ತೆಗೆಸಿಟ್ಟಿರ್ತೀನಿ.”

ಜಗಲಿಯ ಮೇಲೆ ಕಂದಾಯದ ಕೆಲಸಕ್ಕೂ, ಸರ್ಕಾರಕ್ಕೆ ಅಳೆಯಬೇಕಾದ ರಾಗಿ ಲೆವಿಯ ತಕರಾರಿಗೂ ಬಂದಿದ್ದ ಗಂಡಸರು ಕೂತಿದ್ದರು. ಒಬ್ಬರೂ ನಮ್ಮನ್ನು ನೋಡುತ್ತಿರಲಿಲ್ಲ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು.

ಹೊರಗೆ ಬಂದು ಅಮ್ಮ ಮರದ ಕೆಳಗೆ ಕೂತುಬಿಟ್ಟಳು. ವಾಪಸು ಹೋಗೋಣ ಎಂದೆ. ಅವಳು ನನ್ನ ಮುಖ ನೋಡದೆ, ನೀನು ಹೋಗಿ ಕರೆದುಕೊಂಡು ಬಾ ಎಂದಳು. ನಾನು ಹೋಗುವುದಿಲ್ಲ ಎಂದೆ. ಓದುವುದೂ ಬೇಡ, ತರಬೇತಿಯೂ ಬೇಡ ಎಂದೆ.

“ನಿಂಗೆ ಬೇಡ್ದೆ ಇರ್ಬೋದು. ನಂಗೆ ಬೇಕು,” ಎಂದಳು ಅಮ್ಮ.

ಹೀಗೆ ನಾನು ಮೊದಲ ಬಾರಿಗೆ ಪೇಟೆಬೀದಿಗೆ ಕಾಲಿಟ್ಟೆ. ಬಟ್ಟೆಯಂಗಡಿಯ ಜಗಲಿಯ ಮೇಲೆ ನಮ್ಮ ಮನೆಯಲ್ಲಿದ್ದ ಆ ಮಿಷನ್ನೇ ಇತ್ತು. ಅದರ ಮೇಲೆ ಬಟ್ಟೆ ಹೊದಿಸಿತ್ತು. ಅಂಗಡಿಯವರು, ಅವನಿಗೆ ಮೈ ಸರಿಯಿಲ್ಲ, ಮನೆಯಲ್ಲಿದ್ದಾನೆ ಎಂದು ಹೇಳಿ, ಹಿಂದಿನ ಓಣಿಯ ಕಡೆ ಕೈ ತೋರಿಸಿದರು. ನಾನು ಯಾರೆಂದು ಅವರು ಕೇಳಲಿಲ್ಲ. ಹೇಳಬೇಕಾಗಿ ಬರಲಿಲ್ಲವಲ್ಲ ಎಂದು ಸಮಾಧಾನವಾಯಿತು.

ಓಣಿಯ ತುದಿಯ ಹೆಂಚಿನ ಮನೆಯ ಹೊಸಿಲಲ್ಲಿ ಒಬ್ಬ ಹೆಂಗಸು ಮೊರದಲ್ಲಿ ರೇಷನ್ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಆ ಹೆಂಗಸನ್ನು ನಾನು ಎಷ್ಟೋ ರೀತಿಯಲ್ಲಿ ಕಲ್ಪಿಸಿಕೊಂಡಿದ್ದೆ. ತಲೆ ತುಂಬ ಹೂ, ಬಾಯಲ್ಲಿ ಎಲೆಯಡಿಕೆ, ಎದುರು ನಿಂತು ನಗುವ ಮುಖ. ಇವಳು ನಮ್ಮಮ್ಮನಿಗಿಂತ ದೊಡ್ಡವಳಂತೆ ಕಂಡಳು. ಒಂದು ಕಣ್ಣಿಗೆ ಪೊರೆ ಬಂದಿತ್ತು. ನನ್ನನ್ನು ನೋಡುತ್ತಲೇ ಮೊರ ಪಕ್ಕಕ್ಕಿಟ್ಟು ಎದ್ದು ನಿಂತಳು. ಹೆಸರು ಹಿಡಿದು ಕರೆಯಲಿಲ್ಲ, ಆದರೆ ನಾನು ಯಾರೆಂದು ಅವಳಿಗೆ ತಿಳಿಯಿತು. ನನ್ನ ಮುಖ ಅಪ್ಪನದ್ದೇ ಅಚ್ಚು ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು.

ಒಳಗೆ ಬಾ ಎಂದಳು. ನಾನು ಬೀದಿಯಲ್ಲಿಯೇ ನಿಂತೆ. ಬಂದ ಕೆಲಸ ಹೇಳಿದೆ. ಕಚೇರಿ, ನಕಲು, ರುಜು ಎನ್ನುವಾಗ ನನ್ನ ದನಿ ಪಾಠ ಒಪ್ಪಿಸಿದಂತೆ ಬರುತ್ತಿತ್ತು. ಒಳಗಿನ ಕತ್ತಲೆಯಲ್ಲಿ ಯಾರೋ ಚಾಪೆಯಿಂದ ಎದ್ದ ಸದ್ದಾಯಿತು. ಅಪ್ಪ ಪಂಚೆ ಬಿಗಿದುಕೊಳ್ಳುತ್ತಾ ಬಾಗಿಲಿಗೆ ಬಂದ. ಗಡ್ಡ ಬಿಟ್ಟಿತ್ತು, ಕೆನ್ನೆ ಒಳಕ್ಕೆ ಹೋಗಿತ್ತು. ನನ್ನನ್ನು ನೋಡಿ, ನನ್ನ ಕಾಲಿನ ಕಡೆ ನೋಡಿ, ನೀನೊಬ್ಬಳೇ ಬಂದೆಯಾ ಎಂದ. ಅಮ್ಮ ಕಚೇರಿಯ ಹತ್ತಿರ ಇದ್ದಾಳೆ ಎಂದೆ.

ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡ. ಕಾಗದ ಇಲ್ಲಿಗೇ ತಂದುಬಿಡು, ಇಲ್ಲೇ ರುಜು ಹಾಕಿಕೊಡುತ್ತೇನೆ ಎಂದ. ಹಾಗೆ ಆಗುವುದಿಲ್ಲವಂತೆ ಎಂದೆ. ಜ್ವರ ಇದೆ, ನಾಳೆ ನಾಡಿದ್ದು ನೋಡೋಣ ಎಂದ. ಅವನನ್ನು ತಡೆಯುತ್ತಿದ್ದದ್ದು ಜ್ವರವಲ್ಲ ಎಂಬುದು ನನಗೂ ತಿಳಿಯಿತು, ಆ ಹೆಂಗಸಿಗೂ ತಿಳಿಯಿತು. ಅವಳು ಗೋಡೆಯ ಗೂಟದಿಂದ ಅವನ ಕೋಟು, ಟೋಪಿ ತೆಗೆದುಕೊಂಡು ಬಂದು ಅವನ ಕೈಯಲ್ಲಿಟ್ಟಳು.

“ಮಗು ಬಾಗ್ಲಿಗೆ ಬಂದು ನಿಂತೈತೆ. ಎದ್ದೋಗಿ ಬಾ.”

ಅವಳ ಮೇಲೆ ನನಗೆ ಕೃತಜ್ಞತೆ ಬರಬೇಕಾಗಿತ್ತು. ಬಂದದ್ದು ಸಿಟ್ಟು. ನಮ್ಮಪ್ಪ ನನ್ನ ಮಾತಿಗೆ ಹೊರಡದೆ ಅವಳ ಮಾತಿಗೆ ಹೊರಟನಲ್ಲ, ಅದನ್ನು ಕಣ್ಣಾರೆ ನೋಡಬೇಕಾಯಿತಲ್ಲ ಎಂದು ಮುಖ ಬಿಸಿಯಾಯಿತು.

ಅವನು ಮುಂದೆ, ನಾನು ಹಿಂದೆ ಪೇಟೆಬೀದಿಯಲ್ಲಿ ನಡೆದೆವು. ಎಲೆಯಡಿಕೆ ಅಂಗಡಿಯ ಮುಂದೆ ಒಬ್ಬರು ಅವನನ್ನು ನಿಲ್ಲಿಸಿ, ಜ್ವರ ಬಿಟ್ಟಿತೇ ಎಂದು ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಯಾರು ಈ ಹುಡುಗಿ ಎಂದರು. ಅಪ್ಪ ಕೋಟಿನ ಗುಂಡಿ ಹಾಕಿಕೊಂಡ.

“ನಮ್ಮೂರ ಕಡೆಯೋರು,” ಎಂದ.

ಅವರು ಹೌದಾ ಎಂದರು. ನಾವು ಮುಂದೆ ನಡೆದೆವು. ಅವನು ಹಿಂದೆ ತಿರುಗಿ ನೋಡಲಿಲ್ಲ. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನಡೆಯುತ್ತಿದ್ದೆ. ಅಳು ಬಂದಿರಲಿಲ್ಲ. ನನ್ನನ್ನು ಯಾರಾದರೂ ಇನ್ನೊಂದು ಮಾತು ಕೇಳಿಯಾರು, ಆ ಸುಳ್ಳಿಗೆ ನಾನೂ ತಲೆಯಾಡಿಸಬೇಕಾದೀತು ಎಂಬ ಭಯ ಇತ್ತು.

ಕಚೇರಿಯ ಹತ್ತಿರ ಬಂದಾಗ ಅಮ್ಮ ಎದ್ದು, ಸೆರಗು ಹೊದ್ದು, ಮರದ ಆಚೆ ಬದಿಗೆ ಸರಿದಳು. ಅಪ್ಪನೂ ಅವಳೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮೂವರೂ ಒಂದೇ ಮೆಟ್ಟಿಲು ಹತ್ತಿದೆವು. ಜಗಲಿಯ ಮೇಲಿನ ಗಂಡಸರಲ್ಲಿ ಒಬ್ಬರು ಬೀಡಿ ಆರಿಸಿ ಸರಿದು ದಾರಿ ಬಿಟ್ಟರು.

ಗುಮಾಸ್ತರ ಮೇಜಿನ ಮೇಲೆ ಕೆಂಪು ಬಟ್ಟೆಯ ಕಟ್ಟು ಬಿಚ್ಚಿತ್ತು. ಅವರು ಅಪ್ಪನ ಹೆಸರು ಕೇಳಿ, ಊರು ಕೇಳಿ, ನನ್ನ ಕಡೆ ಬೆರಳು ತೋರಿಸಿ, ಈ ಹುಡುಗಿ ನಿಮಗೆ ಏನಾಗಬೇಕು ಎಂದರು. ಅದು ಅವರು ಎಲ್ಲರನ್ನೂ ಕೇಳುವ ಪ್ರಶ್ನೆ. ಅಪ್ಪ ಮೇಜಿನ ಮೇಲಿನ ಕಟ್ಟನ್ನೇ ನೋಡುತ್ತಿದ್ದ. ಎರಡನೇ ಸಲ ಕೇಳಿದಾಗ ಮಗಳು ಎಂದ. ಗುಮಾಸ್ತರಿಗೆ ಕೇಳಿಸಲಿಲ್ಲ, ಸ್ವಲ್ಪ ಗಟ್ಟಿಯಾಗಿ ಹೇಳಿ ಎಂದರು. ಮಗಳು ಎಂದು ಗಟ್ಟಿಯಾಗಿ ಹೇಳಿದ. ಜಗಲಿಯವರೆಗೂ ಕೇಳಿಸಿತು.

ಆಮೇಲೆ ಗುಮಾಸ್ತರು ಪುಟದ ಮೇಲೆ ಬೆರಳಿಟ್ಟುಕೊಂಡು, ಇಲ್ಲಿ ಒಂದು ತೊಡಕಿದೆ ಎಂದರು. ಆ ಕಾಲದಲ್ಲಿ ಊರಿಂದ ಬರುತ್ತಿದ್ದ ಜನನದ ಪಟ್ಟಿಯಲ್ಲಿ ಮಗುವಿನ ಹೆಸರು ಇರುತ್ತಿರಲಿಲ್ಲ. ನಾಮಕರಣಕ್ಕೆ ಮೊದಲೇ ಬರೆಸಿಬಿಡುತ್ತಿದ್ದರು. ತಂದೆಯ ಹೆಸರು, ಗಂಡೋ ಹೆಣ್ಣೋ, ತಾರೀಖು, ಅಷ್ಟೇ. ನಮ್ಮಪ್ಪನ ಹೆಸರಿನ ಮುಂದೆ ಹೆಣ್ಣು ಎಂದು ಎರಡು ಕಡೆ ಇತ್ತು, ಒಂದಕ್ಕೊಂದು ಬಹಳ ದೂರವಿಲ್ಲದೆ. ಇವೆರಡರಲ್ಲಿ ಈ ಹುಡುಗಿ ಯಾರು ಎಂದು ಕೇಳಿದರು.

ಅಪ್ಪ ಬಗ್ಗಿ ನೋಡಿದ. ಓದಲು ಅವನಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಮೊದಲನೆಯದು ಎಂದ. ನಮಗೆ ಮೊದಲು ಹುಟ್ಟಿದ ಮಗಳು ಇವಳೇ ಎಂದ.

ಗುಮಾಸ್ತರು ಲೇಖನಿ ಅದ್ದಿದರು. ಅಷ್ಟರಲ್ಲಿ ಕಂಬದ ಹಿಂದಿನಿಂದ ಅಮ್ಮ ನನ್ನನ್ನು ಕೂಗಿದಳು. ಅಪ್ಪನ ಜೊತೆ ಅವಳು ಮಾತಾಡಲಿಲ್ಲ, ಗುಮಾಸ್ತರ ಜೊತೆಯೂ ಅಲ್ಲ. ನನಗೆ ಹೇಳಿದಳು.

“ಮೊದಲ್ನೇದು ಉಳೀಲಿಲ್ಲ ಅಂತ ಹೇಳವ್ವ. ಅದು ನಿಮ್ಮಕ್ಕ. ರಾಗಿ ಕೊಯ್ಲಲ್ಲಿ ಹುಟ್ಟಿ, ಸುಗ್ಗಿ ಮುಗಿಯೋ ಹೊತ್ಗೆ ಹೋಯ್ತು. ಗುಂಡಿ ತೋಡಿದ್ದು ಅವ್ರೇ, ನೆನಪು ಮಾಡ್ಕೊಳೋಕೆ ಹೇಳು.”

ನನಗೊಬ್ಬ ಅಕ್ಕ ಇದ್ದಳೆಂಬುದನ್ನು ನಾನು ಕೇಳಿದ್ದೆ, ಎಂದೋ ಒಮ್ಮೆ, ಹಬ್ಬದಲ್ಲಿ ಎಡೆ ಇಡುವಾಗ. ಅದನ್ನು ಹೀಗೆ, ಇಷ್ಟು ಜನ ಗಂಡಸರ ನಡುವೆ, ಅಮ್ಮ ತನ್ನ ಬಾಣಂತನವನ್ನು ಬಿಡಿಸಿ ಹೇಳಬೇಕಾಗಿ ಬಂದದ್ದನ್ನು ನೋಡಿ ನಾನು ಕುಗ್ಗಿಹೋದೆ. ಗುಮಾಸ್ತರು ನನ್ನ ಬಾಯಿಂದ ಕೇಳುವುದಕ್ಕೆ ಕಾಯಲಿಲ್ಲ. ಲೇಖನಿ ಕೆಳಗಿಟ್ಟು, ಮರಣದ ಪುಸ್ತಕ ತೆಗೆಸಿ ನೋಡಿದರು. ಅಲ್ಲಿ ಅಮ್ಮ ಹೇಳಿದಂತೆಯೇ ಇತ್ತು. ಅವರು ಗಟ್ಟಿಯಾಗಿ ಓದಲಿಲ್ಲ, ಸರಿ ಎಂದು ತಲೆಯಾಡಿಸಿದರಷ್ಟೇ.

ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಮರೆತುಹೋಗಿತ್ತು ಸ್ವಾಮಿ ಎಂದ. ಅದನ್ನು ಗುಮಾಸ್ತರಿಗೆ ಹೇಳಿದನೋ ಯಾರಿಗೆ ಹೇಳಿದನೋ ಗೊತ್ತಿಲ್ಲ. ಅವನು ಮರೆತಿದ್ದನೆಂದು ನಾನು ಈಗಲೂ ನಂಬುತ್ತೇನೆ. ಸುಳ್ಳು ಹೇಳಿದವನ ಮುಖ ಹಾಗಿರುವುದಿಲ್ಲ. ಮರೆತದ್ದು ಅವನಿಗೆ ಅಲ್ಲಿ, ಎಲ್ಲರ ಎದುರಿಗೆ, ಒಮ್ಮೆಗೇ ನೆನಪಾಗಿತ್ತು. ರುಜು ಹಾಕುವಾಗ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು. ಸೂಜಿಯಲ್ಲಿ ದಾರ ಪೋಣಿಸುತ್ತಿದ್ದ ಕೈ ಅದು.

ನಕಲು ಬರೆದು, ಮೇಲಿನವರ ಮೊಹರು ಬಿದ್ದು ಬರುವುದಕ್ಕೆ ಒಂದು ವಾರ ಬೇಕು ಎಂದರು ಗುಮಾಸ್ತರು. ನಾವು ಕೆಳಗೆ ಇಳಿದೆವು. ಸಾಹೇಬರು ಮರದ ಕೆಳಗೆ ಬೇರೊಬ್ಬರ ಅರ್ಜಿ ಬರೆಯುತ್ತಿದ್ದರು. ನಮ್ಮನ್ನು ಕಂಡರೂ ಕಾಣದವರಂತೆ ತಲೆ ಬಗ್ಗಿಸಿದರು. ಅಪ್ಪ ಮೆಟ್ಟಿಲ ಹತ್ತಿರ ನಿಂತು, ಬೆಂಗಳೂರಿಗೆ ಹೋಗುವವಳಿಗೆ ನಾಲ್ಕು ಜಾಕೀಟು ಬೇಕಾಗುತ್ತದೆ, ಅಳತೆ ಕಳಿಸಿದರೆ ಹೊಲಿದುಕೊಡುತ್ತೇನೆ ಎಂದ. ಮಾತು ನನ್ನ ಕಡೆ ಇತ್ತು, ಕಣ್ಣು ಅಮ್ಮನ ಕಡೆ ಇತ್ತು. ಅಮ್ಮ ಕೆರೆ ಏರಿಯ ಕಡೆ ನಡೆದಳು. ನಾನು ಅವಳ ಹಿಂದೆ ನಡೆದೆ. ಅವನು ಅಲ್ಲಿಯೇ ನಿಂತಿದ್ದನೋ, ಪೇಟೆಯ ಕಡೆ ತಿರುಗಿದನೋ ನೋಡಲಿಲ್ಲ.

ಕೆರೆ ಏರಿಯ ಮೇಲೆ ಗಾಳಿ ಜೋರಾಗಿತ್ತು. ಅರ್ಧ ದಾರಿ ಬಂದ ಮೇಲೆ ಅಮ್ಮ, ತುಂಬಾ ಸೊರಗಿದ್ದಾರೆ ಎಂದಳು. ಅವಳು ಅವನನ್ನು ನೋಡಿರಲಿಲ್ಲ ಎಂದುಕೊಂಡಿದ್ದೆ; ನೋಡಿದ್ದಳು. ಇಷ್ಟೆಲ್ಲ ಆದ ಮೇಲೂ ಅವಳ ಬಾಯಿಂದ ಅದೊಂದೇ ಮಾತು ಬಂದದ್ದಕ್ಕೆ ನನಗೆ ಅವಳ ಬಗ್ಗೆಯೂ ನಾಚಿಕೆಯಾಯಿತು. ಹೂಂ ಎಂದೆ. ನಮ್ಮೂರಿನವರು ಅನ್ನುತ್ತಿದ್ದ ಹೂಂ ಅದೇ ಎಂದು ಅಂದ ಮೇಲೆ ತಿಳಿಯಿತು.

ವಾರದ ಮೇಲೆ ನಾನೇ ಹೋಗಿ ನಕಲು ತಂದೆ. ಗುಮಾಸ್ತರು ಅದರಲ್ಲಿ ನನ್ನ ಹೆಸರು ಇರುವುದಿಲ್ಲವೆಂದು ಮೊದಲೇ ಎಚ್ಚರಿಸಿದರು, ಹೆಡ್‌ಮಿಸ್ಟ್ರೆಸ್ ಒಂದು ಸರ್ಟಿಫಿಕೇಟು ಬರೆದುಕೊಟ್ಟರೆ ನಡೆಯುತ್ತದೆ ಎಂದರು. ಹಾಗೆಯೇ ನಡೆಯಿತು. ತರಬೇತಿಗೆ ಸೇರಿಸಿಕೊಂಡರು. ಹಾಸ್ಟೆಲಿನ ಹುಡುಗಿಯರು ತಂದೆ ಏನು ಮಾಡುತ್ತಾರೆ ಎಂದು ಕೇಳಿದಾಗ, ದರ್ಜಿ, ಹೊಸಕೋಟೆಯಲ್ಲಿದ್ದಾರೆ ಎಂದೆ. ಅವರು ಮುಂದೆ ಕೇಳಲಿಲ್ಲ. ಅಷ್ಟು ಹೇಳುವುದಕ್ಕೂ ನನಗೆ ಕಿವಿ ಕೆಂಪಾಗುತ್ತಿತ್ತು.

ಓದು ಮುಗಿಸಿ ನನ್ನನ್ನು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಸ್ಕೂಲಿಗೆ ಹಾಕಿದರು. ಅಮ್ಮ ಎಮ್ಮೆ ಮಾರಿ ನನ್ನ ಜೊತೆಗೆ ಬಂದಳು. ಅಪ್ಪ ತೀರಿಹೋದ ಸುದ್ದಿ ಅಲ್ಲಿಗೆ ಬಂತು, ಸ್ವಾತಂತ್ರ್ಯ ಬಂದ ಮಾರನೇ ವರ್ಷವಿರಬೇಕು. ನಾವು ಹೊಸಕೋಟೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಓಣಿಯ ಮನೆಯ ಮುಂದೆ ಆ ಹೆಂಗಸು ಗೋಡೆಗೊರಗಿ ಕೂತಿದ್ದಳು. ಇನ್ನೊಂದು ಕಣ್ಣೂ ಮಂಜಾಗಿತ್ತು. ಅಮ್ಮ ಅವಳ ಪಕ್ಕದಲ್ಲಿ, ಒಂದು ಮಾರು ಜಾಗ ಬಿಟ್ಟು, ನೆಲದ ಮೇಲೆ ಕೂತಳು. ನಾನು ಒಳಗೂ ಹೋಗದೆ, ಕೂರುವುದಕ್ಕೂ ಆಗದೆ, ಬಸ್ಸಿನ ಹೊತ್ತಾಯಿತು ಎನ್ನುವವರೆಗೂ ಬೀದಿಯಲ್ಲಿ ನಿಂತಿದ್ದೆ.